ಆರು ವಾರದ ಎಡಗೈ

ಮಾರ್ಚ್ 3

ಪ್ರೀತಿಯ ಅಕ್ಕ,

ತಿಂಗಳ ಕೊನೆಗೆ ಬರಬೇಕಾದ ಪತ್ರ ಮೊದಲ ವಾರದಲ್ಲೇ ಬಂತಲ್ಲ ಎಂದು ಹುಬ್ಬೇರಿಸಬೇಡ. ವಿಷಯ ಹಾಗಿದೆ.

ಕಳೆದ ಗುರುವಾರ ಕೆಲಸದ ಜಾಗದಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಮುಂದೆ ನಿಂತವಳು ನಿಂತ ಹಾಗೇ ಬಿದ್ದೆನಂತೆ. ನಲವತ್ತು ಪದರ ಬಟ್ಟೆ ಹಾಸಿ ಸೀಮೆಸುಣ್ಣದಿಂದ ಗುರುತು ಹಾಕಿದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ಮೇಸ್ತ್ರಿಯಮ್ಮ ಮುಖಕ್ಕೆ ನೀರು ಚಿಮುಕಿಸುತ್ತಾ, "ಬಟ್ಟೆಗೇನೂ ಆಗಿಲ್ಲ ಕಣೇ, ನೀನು ಹೆದರ್ಬೇಡ" ಎನ್ನುತ್ತಿದ್ದಳು. ಆಸ್ಪತ್ರೆಗೆ ಹೋದರೆ ಎರಡು ದಿನ ಎದೆಗೆ ತಂತಿ ಅಂಟಿಸಿ ನೋಡಿದರು. ನನ್ನ ಹೃದಯ ಆಗಾಗ ನಾಲ್ಕೈದು ಸೆಕೆಂಡು ಸುಮ್ಮನೆ ನಿಂತುಬಿಡುತ್ತದಂತೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಪೇಸ್‌ಮೇಕರ್ ಎಡ ಭುಜದ ಕೆಳಗೆ ಇಟ್ಟು ಹೊಲಿದರೆ ಸರಿಹೋಗುತ್ತದೆ ಎಂದರು. ದೊಡ್ಡ ಆಪರೇಷನ್ ಅಲ್ಲ, ಎಚ್ಚರವಿದ್ದ ಹಾಗೇ ಮಾಡುತ್ತಾರೆ, ಒಂದೂವರೆ ಗಂಟೆ. ಈ ತಿಂಗಳ ಹದಿನೆಂಟಕ್ಕೆ ದಿನ ಕೊಟ್ಟಿದ್ದಾರೆ. ಸಣ್ಣದು ಎಂದು ಅವರು ಹೇಳಿದಷ್ಟೂ ನನಗೆ ಭಯ ಹೆಚ್ಚಾಗುತ್ತಿದೆ.

ಇನ್ನು ದೂರು. ಇಪ್ಪತ್ತೈದು ವರ್ಷ ಊರ ತುಂಬ ಬಸ್ಸು ಓಡಿಸಿದ ನನ್ನ ಗಂಡ, ನನ್ನ ತೋಳಿನಿಂದ ಒಂದು ಸಿರಿಂಜು ರಕ್ತ ತೆಗೆಯುವುದನ್ನು ನೋಡಿ ಕುರ್ಚಿ ಸಮೇತ ಉರುಳಿಬಿದ್ದರು. ನರ್ಸು ನನ್ನನ್ನು ಬಿಟ್ಟು ಅವರ ಕಡೆ ಓಡಿದಳು. ಕೊನೆಗೆ ನನ್ನ ಹಾಸಿಗೆಯಲ್ಲಿ ಅವರನ್ನು ಮಲಗಿಸಿ, ಪಕ್ಕದಲ್ಲಿ ನಿಂತು ನಾನು ಗಾಳಿ ಬೀಸಿದೆ. ಇಡೀ ವಾರ್ಡು ನಕ್ಕಿತು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಇಂಥವರನ್ನು ನಂಬಿಕೊಂಡು ನಾನು ಆ ಮೇಜಿನ ಮೇಲೆ ಹೇಗೆ ಮಲಗಲಿ?

ನೀನು ಬರುತ್ತೀಯಾ ಅಕ್ಕ? ಇಪ್ಪತ್ತೆರಡು ವರ್ಷದಲ್ಲಿ ನಾನು ನಿನ್ನನ್ನು ಒಂದು ಸಲವೂ ಕರೆದಿಲ್ಲ.

ನಿನ್ನ ಸೂಜಿ

*

ಮಾರ್ಚ್ 7

ಸೂಜಿ,

ಪತ್ರ ತಲುಪಿತು. ಚೆನ್ನಾಗಿ ಬರೆದಿದ್ದೀಯ. ಕುರ್ಚಿ ಸಮೇತ ಉರುಳಿದ ಭಾಗವನ್ನು ಎರಡು ಸಲ ಓದಿದೆ.

ನಾನು ಕಲಿಸಿದ್ದನ್ನು ನೀನು ಮರೆತಿಲ್ಲ. ಮೂವತ್ತು ವರ್ಷ ಹುಡುಗಿಯರ ಹಾಸ್ಟೆಲಿನ ವಾರ್ಡನ್ ಆಗಿದ್ದೆ. ಪ್ರತಿ ಭಾನುವಾರ ಎಲ್ಲರೂ ಮನೆಗೆ ಪತ್ರ ಬರೆಯಬೇಕು, ಪ್ರತಿ ಪತ್ರದಲ್ಲಿ ಒಂದು ದೂರಾದರೂ ಇರಬೇಕು. ಎಲ್ಲ ಚೆನ್ನಾಗಿದೆ ಎಂದು ಬರೆದವಳ ಪತ್ರವನ್ನು ವಾಪಸ್ ಕೊಟ್ಟು ಇನ್ನೊಮ್ಮೆ ಬರೆಸುತ್ತಿದ್ದೆ. ಎಲ್ಲ ಚೆನ್ನಾಗಿದೆ ಎನ್ನುವವರು ಸುಳ್ಳು ಹೇಳುತ್ತಿರುತ್ತಾರೆ, ಅಷ್ಟೇ. ಅಮ್ಮ ಹೋದ ಮೇಲೆ ಎಂಟು ವರ್ಷದವಳಾದ ನಿನ್ನನ್ನು ಅಲ್ಲಿಗೇ ಕರೆತಂದೆ. ನಿನಗೆ ಬರೆಯಲು ಯಾವ ಮನೆಯೂ ಇರಲಿಲ್ಲ. ಪಕ್ಕದ ಕೋಣೆಯಲ್ಲಿ ಕೂತಿರುತ್ತಿದ್ದ ನನಗೇ ಬರೆಯುತ್ತಿದ್ದೆ. ಎಲ್ಲ ಹುಡುಗಿಯರಿಗಿಂತ ನಿನ್ನ ದೂರುಗಳೇ ಮೊನಚು. ಅದಕ್ಕೇ ತಾನೇ ಸೂಜಿ ಎಂಬ ಹೆಸರು ಬಂದದ್ದು.

ಬರುತ್ತೇನೆ. ಆದರೆ ನನ್ನದೊಂದು ಷರತ್ತು. ಆ ದಿನ ನಿನ್ನ ಡ್ರೈವರ್ ಆಸ್ಪತ್ರೆಯಲ್ಲಿ ಇರಬಾರದು. ಅವನು ಬೀಳುವುದು, ನರ್ಸುಗಳು ಓಡುವುದು, ಆ ಮೆರವಣಿಗೆ ನೋಡಲು ನಾನು ಒಂಬತ್ತು ಗಂಟೆ ರೈಲಿನಲ್ಲಿ ಬರುವುದಿಲ್ಲ. ಆಸ್ಪತ್ರೆಯ ಫಾರಮ್ಮಿನಲ್ಲಿ ರೋಗಿಯ ಕಡೆಯವರು ಎಂಬಲ್ಲಿ ಯಾರ ಹೆಸರಿದೆ? ಅವನದೇ ಇರಬೇಕು. ಹೊಡೆದುಹಾಕಿ ನನ್ನದು ಬರೆಸು. ಒಂದು ದಿನ ನೀನು ಮತ್ತೆ ನನ್ನ ತಂಗಿಯಾಗಿರು. ಅಷ್ಟು ಕೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಅಕ್ಕ

*

ಮಾರ್ಚ್ 11

ಪ್ರೀತಿಯ ಅಕ್ಕ,

ಫಾರಂ ಬದಲಾಯಿಸಿದೆ. ಗುಮಾಸ್ತೆ ಮುಖ ಗಂಟು ಹಾಕಿಕೊಂಡು, "ಗಂಡ ಇದ್ದಾರಲ್ಲಮ್ಮ, ಅಕ್ಕ ಯಾಕೆ?" ಎಂದಳು. "ಗಂಡಂಗೆ ರಕ್ತ ಕಂಡ್ರೆ ಆಗಲ್ಲ" ಎಂದೆ. ಇವರು ಪಕ್ಕದಲ್ಲೇ ನಿಂತಿದ್ದರು. ಚಪ್ಪಲಿ ನೋಡಿಕೊಳ್ಳುತ್ತಿದ್ದರು.

ಮನೆಗೆ ಬಂದ ಮೇಲೆ ಹೇಳಿದೆ. ಅಕ್ಕ ಬರುತ್ತಾಳೆ, ಆ ದಿನ ನೀವು ಡ್ಯೂಟಿಗೆ ಹೋಗಿ ಎಂದೆ. ಅದಕ್ಕೆ ಏನೆಂದರು ಗೊತ್ತಾ? "ಸರಿ ಬಿಡು. ಆವತ್ತು ಆಸ್ಪತ್ರೆ ರೂಟೇ ಹಾಕಿಸ್ಕೋತೀನಿ. ಎಂಟು ಟ್ರಿಪ್ ಆಗುತ್ತೆ. ಹೋಗ್ತಾ ಎಂಟು, ಬರ್ತಾ ಎಂಟು, ಹದಿನಾರು ಸಲ ನಿನ್ನ ಗೇಟ್ ಮುಂದೆ ಹಾದುಹೋಗ್ತೀನಿ." ಎಂಥ ಮಾತು ನೋಡು. ನಾನಲ್ಲಿ ಎದೆ ಕೊಯ್ಯಿಸಿಕೊಂಡು ಮಲಗಿರಬೇಕು, ಇವರು ಬಸ್ಸಿನಲ್ಲಿ ನನ್ನ ಪ್ರದಕ್ಷಿಣೆ ಹಾಕಬೇಕು. ನಗು ಬಂತು. ಅವರೂ ನಕ್ಕರು, ಆದರೆ ಸರಿಯಾಗಿ ನಗಲಿಲ್ಲ.

ನಿನಗೆ ನಿಲ್ದಾಣದಿಂದ ಆಸ್ಪತ್ರೆಗೆ ಹತ್ತೇ ನಿಮಿಷ. ಹನ್ನೊಂದಕ್ಕೆ ನನ್ನನ್ನು ಒಳಗೆ ಕರೆದುಕೊಂಡು ಹೋಗುತ್ತಾರೆ. ಅದಕ್ಕೆ ಮುಂಚೆ ನಿನ್ನ ಮುಖ ಕಾಣಬೇಕು.

ಸೂಜಿ

*

ಮಾರ್ಚ್ 20, ಆಸ್ಪತ್ರೆ

ಅಕ್ಕ,

ನೀನು ಬರಲಿಲ್ಲ.

ಬಲಗೈಯಲ್ಲಿ ಬರೆಯಬಹುದು ಎಂದರು, ಅದಕ್ಕೇ ಬರೆಯುತ್ತಿದ್ದೇನೆ. ಹದಿನೆಂಟರ ಬೆಳಗ್ಗೆ ಎಂಟಕ್ಕೆ ಒಂದು ಗೌನು ಕೊಟ್ಟರು. ಹಾಕಿಕೊಂಡು ನೋಡಿದರೆ ನಾನು ಕೆಲಸ ಮಾಡುವಲ್ಲೇ ಹೊಲಿದದ್ದು. ಕಂಕುಳಿನ ಹತ್ತಿರ ಬಟ್ಟೆ ಕತ್ತರಿಸಿದ ರೀತಿ ನನ್ನದೇ, ನೋಡಿದ ಕೂಡಲೇ ಗೊತ್ತಾಯಿತು. ಇಷ್ಟು ವರ್ಷ ಸಾವಿರಗಟ್ಟಲೆ ಕತ್ತರಿಸಿದ್ದೇನೆ, ಬೆನ್ನ ಹಿಂದೆ ಗಂಟು ಹಾಕಿಕೊಳ್ಳಲು ಇನ್ನೊಬ್ಬರು ಬೇಕು ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಪಕ್ಕದ ಹಾಸಿಗೆಯ ಅಜ್ಜಿ ಗಂಟು ಹಾಕಿಕೊಟ್ಟಳು.

ಹೊರಗಿನ ಹಾಲಿನಲ್ಲಿ ನಿನ್ನ ಹೆಸರನ್ನು ಮೂರು ಸಲ ಕೂಗಿದರು. ನನಗೆ ಒಳಗೆ ಕೇಳಿಸುತ್ತಿತ್ತು. ಹನ್ನೊಂದು ಹತ್ತರವರೆಗೆ ಕಾದರು. ಆಮೇಲೆ ನರ್ಸು, "ಯಾರೂ ಇಲ್ವಾ ನಿಮಗೆ?" ಎಂದಳು. ಇದ್ದಾರೆ ಎಂದೆ. "ಎಲ್ಲಿ?" ಎಂದಳು. ಏನು ಹೇಳಲಿ, ಬಸ್ಸಿನಲ್ಲಿ ಎನ್ನಲೇ?

ನೋವಾಗಲಿಲ್ಲ. ಮರಗಟ್ಟಿಸಿದ್ದರು. ಆದರೆ ಯಾರೋ ನನ್ನ ಭುಜದ ಕೆಳಗೆ ಜೇಬು ಮಾಡಿ ಏನೋ ತುರುಕುತ್ತಿದ್ದಾರೆ ಎಂದು ತಿಳಿಯುತ್ತಿತ್ತು. ಮುಖದ ಮೇಲೆ ಬಟ್ಟೆ ಇಳಿಬಿಟ್ಟಿದ್ದರಿಂದ ನನಗೆ ಯಾರೂ ಕಾಣುತ್ತಿರಲಿಲ್ಲ. ಡಾಕ್ಟರು ಹೊಲಿಗೆ ಹಾಕುತ್ತಾ ತಮ್ಮ ಮಗಳ ಪರೀಕ್ಷೆಯ ಮಾತಾಡುತ್ತಿದ್ದರು. ಆ ಒಂದೂವರೆ ಗಂಟೆ ಒಂದು ಕೈ ಹಿಡಿದುಕೊಳ್ಳಲು ಸಿಕ್ಕಿದ್ದರೆ ಸಾಕಿತ್ತು, ಯಾರದ್ದಾದರೂ.

ಸಂಜೆ ಇವರು ಖಾಕಿ ಬಟ್ಟೆಯಲ್ಲೇ ಬಂದರು. ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು. ಗಾಯದ ಪಟ್ಟಿ ನೋಡಿ ಮತ್ತೆಲ್ಲಿ ಬೀಳುತ್ತಾರೋ ಎಂದುಕೊಂಡೆ, ಬೀಳಲಿಲ್ಲ. ಬಂದು ನನ್ನ ತಲೆ ಬಾಚಿದರು. ಎಡಗೈಯನ್ನು ಆರು ವಾರ ಭುಜಕ್ಕಿಂತ ಮೇಲೆ ಎತ್ತಬಾರದಂತೆ, ಹೃದಯಕ್ಕೆ ಇಳಿಸಿದ ತಂತಿ ಜಾರುತ್ತದಂತೆ. ನಿನಗೇನಾಯಿತು? ಆರಾಮಾಗಿದ್ದೀಯ ತಾನೇ? ಕೋಪ ಮಾಡಿಕೊಂಡಿಲ್ಲ, ಭಯವಾಗಿದೆ, ಅಷ್ಟೇ.

ಸೂಜಿ

*

ಮಾರ್ಚ್ 24

ಸೂಜಿ,

ನನಗೆ ಜ್ವರ ಬಂದಿತ್ತು. ಈಗ ಇಲ್ಲ.

ಎಲ್ಲ ಸುಸೂತ್ರವಾಗಿ ಮುಗಿಯಿತಲ್ಲ, ಮತ್ತೇನು. ಒಬ್ಬಳೇ ಇದ್ದೆ ಎಂದು ಅಳುವುದನ್ನು ಬಿಡು. ಎಲ್ಲರೂ ಒಬ್ಬೊಬ್ಬರೇ ಇರುವುದು, ಕೆಲವರಿಗೆ ಬೇಗ ತಿಳಿಯುತ್ತದೆ.

ಅವನು ಹೇಗಿದ್ದಾನೆ? ಏನಾದರೂ ಮಾತಾಡಿದನೇ? ನಿನ್ನನ್ನು ಏನಾದರೂ ಕೇಳಿದನೇ? ವಿವರವಾಗಿ ಬರೆ.

ಅಕ್ಕ

*

ಏಪ್ರಿಲ್ 2

ಪ್ರೀತಿಯ ಅಕ್ಕ,

ಮನೆಗೆ ಬಂದು ಹತ್ತು ದಿನವಾಯಿತು. ಈ ಪತ್ರದಲ್ಲಿ ದೂರಿಲ್ಲ. ಬೇಕಾದರೆ ವಾಪಸ್ ಕಳಿಸು, ಇನ್ನೊಮ್ಮೆ ಬರೆಯುವುದಿಲ್ಲ.

ಇವರು ಆರು ವಾರ ರಜೆ ಹಾಕಿದ್ದಾರೆ. ಇಷ್ಟು ವರ್ಷ ಕೂಡಿಟ್ಟ ರಜೆಯೆಲ್ಲ. ಮೊದಲ ದಿನವೇ, "ನಿನ್ನ ಎಡಗೈ ಕೆಲಸ ಎಲ್ಲ ನಂದು" ಎಂದರು. ಅಂಗಿಯ ತೋಳು ಹಾಕುತ್ತಾರೆ, ಬೆನ್ನು ಉಜ್ಜುತ್ತಾರೆ, ಗಾಯದ ಪಟ್ಟಿ ಬದಲಾಯಿಸುತ್ತಾರೆ. ಹೌದು, ರಕ್ತ ಕಂಡರೆ ಬೀಳುವವರೇ. ಮೊದಲ ಸಲ ಗೋಡೆ ಹಿಡಿದುಕೊಂಡು ನಿಂತರು, ಬೆವರಿದರು, ಆದರೆ ಪಟ್ಟಿ ಬದಲಾಯಿಸಿಯೇ ಕೂತರು. ಜಡೆ ಹಾಕುವುದನ್ನು ತಮ್ಮ ಬಸ್ಸಿನ ಕಂಡಕ್ಟರಮ್ಮನ ಹತ್ತಿರ ಕಲಿತು ಬಂದರು. ಜಡೆ ಒಂದು ಕಡೆ ವಾಲುತ್ತದೆ. ನಾನು ಸರಿ ಮಾಡಿಕೊಳ್ಳುವುದಿಲ್ಲ.

ನೀನು ಕೇಳಿದೆಯಲ್ಲ, ಏನಾದರೂ ಮಾತಾಡಿದರೇ ಎಂದು. ಮಾತೇ ಕಡಿಮೆಯಾಗಿದೆ. ಸ್ನಾನದ ಮನೆಯಲ್ಲಿ ಹಾಡುತ್ತಿದ್ದರು, ಅದೂ ನಿಂತಿದೆ. ಸರಕ್ಕನೆ ತಿರುಗಿದರೆ ನನ್ನ ಕೈ ತಾಗೀತು ಎಂದು ಮುಂದಿನ ಕೋಣೆಯಲ್ಲಿ ಮಲಗುತ್ತಾರೆ. ಪಾಪ, ನನ್ನನ್ನು ಕಳೆದುಕೊಂಡುಬಿಡುತ್ತೇನೇನೋ ಎಂದು ಹೆದರಿದ್ದಾರೆ. ನನಗೆ ಒಳಗೊಳಗೇ ಖುಷಿ. ಈ ವಯಸ್ಸಿನಲ್ಲಿ ಇಂಥ ಪ್ರೀತಿ ಸಿಗಲು ಹೃದಯ ಕೆಡಬೇಕಾಯಿತು ನೋಡು.

ಒಂದು ವಿಷಯ ಹೇಳಿಬಿಡುತ್ತೇನೆ. ಇಪ್ಪತ್ತೆರಡು ವರ್ಷದಿಂದ ತಿಂಗಳಿಗೊಂದು ಪತ್ರ ಬರೆದಿದ್ದೇನೆ, ಪ್ರತಿ ಪತ್ರದಲ್ಲೂ ಇವರ ಮೇಲೊಂದು ದೂರು. ಅಷ್ಟು ದೂರಿಗೆ ಸಾಕಾಗುವಷ್ಟು ತಪ್ಪು ಇವರು ಮಾಡಲೇ ಇಲ್ಲ ಅಕ್ಕ. ಕುಡಿದು ಬಂದರು ಎಂದು ಬರೆದದ್ದು ಸುಳ್ಳು. ತಟ್ಟೆ ಎಸೆದರು ಎಂದದ್ದು ಸುಳ್ಳು. ಹತ್ತಿರ ಬಂದರೆ ಡೀಸೆಲ್ ನಾತ, ಉಸಿರು ಬಿಗಿ ಹಿಡಿದು ಮಲಗುತ್ತೇನೆ ಎಂದು ಬರೆದಿದ್ದೆ. ಅದನ್ನು ನೆನೆಸಿಕೊಂಡರೆ ಈಗ ಮೈ ಉರಿಯುತ್ತದೆ. ನಿನ್ನನ್ನು ಬಿಟ್ಟು ಬಂದು ನಾನು ಸುಖವಾಗಿದ್ದೇನೆ ಎಂದು ಬರೆದರೆ ನೀನು ನನ್ನನ್ನು ಕ್ಷಮಿಸುತ್ತಿರಲಿಲ್ಲ. ನೀನು ಒಪ್ಪದ ಮದುವೆ ನನಗೂ ಸಾಕಾಗಿದೆ ಎಂದರೆ ಮಾತ್ರ ನಿನ್ನ ಉತ್ತರದಲ್ಲಿ ಅಕ್ಕರೆ ಇರುತ್ತಿತ್ತು. ಆ ಹಳೆಯ ಪತ್ರಗಳನ್ನೆಲ್ಲ ಹರಿದುಹಾಕು. ಕೈಮುಗಿದು ಕೇಳುತ್ತಿದ್ದೇನೆ. ಬಲಗೈಯೊಂದನ್ನೇ ಎತ್ತಿ.

ಸೂಜಿ

*

ಏಪ್ರಿಲ್ 8

ಸೂಜಿ,

ನೀನು ಹರಿದುಹಾಕು ಎಂದ ಪತ್ರಗಳು ನನ್ನ ಹತ್ತಿರ ಇಲ್ಲ. ನಿನ್ನ ಗಂಡನ ಹತ್ತಿರ ಇವೆ.

ನನಗೆ ಜ್ವರ ಬಂದಿರಲಿಲ್ಲ. ಹದಿನೆಂಟರಂದು ಬೆಳಗ್ಗೆ ಏಳಕ್ಕೆ ನಿಮ್ಮೂರಿನಲ್ಲಿ ಇಳಿದೆ. ಚಪ್ಪಲಿಯ ಎರಡು ಡಬ್ಬಗಳಲ್ಲಿ ಇಪ್ಪತ್ತೆರಡು ವರ್ಷದ ಪತ್ರ, ವರ್ಷಕ್ಕೊಂದು ಕಟ್ಟು ಮಾಡಿ ದಾರ ಸುತ್ತಿ ತಂದಿದ್ದೆ. ಮೊದಲು ಡಿಪೋಗೆ ಹೋದೆ. ಮದುವೆಯ ದಿನ ನೋಡಿದ ಮೇಲೆ ಅವನನ್ನು ಮತ್ತೆ ನೋಡಿದ್ದು ಅಲ್ಲೇ. ಎದ್ದು ನಿಂತು ತನ್ನ ಸ್ಟೂಲು ಕೊಟ್ಟ, ಟೀ ತರಿಸಿದ. "ಬಂದಿದ್ದು ತುಂಬಾ ಒಳ್ಳೇದಾಯ್ತು ಅಕ್ಕಾವ್ರೇ, ರಾತ್ರಿಯಿಂದ ನಿಮ್ಮನ್ನೇ ಜಪಿಸ್ತಿದಾಳೆ. ಬನ್ನಿ, ಮೊದಲ ಟ್ರಿಪ್ಪಲ್ಲೇ ಬಿಟ್ಟುಬಿಡ್ತೀನಿ" ಎಂದ. ಟೀ ಕುಡಿದೆ. ಡಬ್ಬ ಎರಡನ್ನೂ ಅವನ ಕೈಗಿಟ್ಟು, "ನನ್ನ ತಂಗಿ ನಿನ್ನ ಬಗ್ಗೆ ಏನು ಅಂದ್ಕೊಂಡಿದಾಳೆ, ಓದ್ಕೋ" ಎಂದೆ. ಆಮೇಲೆ ನಿಲ್ದಾಣಕ್ಕೆ ವಾಪಸ್ ಬಂದು ಒಂಬತ್ತರ ರೈಲು ಹತ್ತಿದೆ. ಆಸ್ಪತ್ರೆಗೆ ಬಂದರೆ ನೀನು ನನ್ನ ಕೈ ಹಿಡಿದುಕೊಳ್ಳುತ್ತಿದ್ದೆ, ನಾನು ಹೇಳಿಬಿಡುತ್ತಿದ್ದೆ. ಅದಕ್ಕೇ ಬರಲಿಲ್ಲ.

ಹೌದು, ಬೇಕೆಂದೇ ಮಾಡಿದೆ. ಹದಿನಾರು ವರ್ಷ ನಿನ್ನ ಜಡೆ ಹಾಕಿದವಳು ನಾನು. ನೀನು ಒಂದು ಮಧ್ಯಾಹ್ನ ಬಸ್ಸು ಹತ್ತಿ ಹೋದೆ. ಅಲ್ಲಿ ನರಳುತ್ತಿದ್ದೀಯ ಎಂದು ನಂಬಿಕೊಂಡು ನಾನು ಇಷ್ಟು ವರ್ಷ ಬದುಕಿದೆ. ನರಳುತ್ತಿರುವವಳನ್ನು ಬಿಡಿಸಿಕೊಂಡು ಬರೋಣ ಎಂದು ಹೋದೆ. ಈಗ ಅದೆಲ್ಲ ಸುಳ್ಳು ಎನ್ನುತ್ತೀಯ! ಹಾಗಾದರೆ ಮೋಸ ಹೋದವಳು ನಾನೇ. ನನ್ನ ಮೇಲೆ ಕೂಗಾಡುವ ಮುಂಚೆ ಅದನ್ನು ಯೋಚಿಸು.

ಅವನು ನನಗೆ ಪತ್ರ ಬರೆದಿದ್ದಾನೆ. ನಿನಗೆ ತಿಳಿಸಬೇಡಿ ಎಂದಿದ್ದಾನೆ. ಆದರೆ ನಾನು ನಿನ್ನಿಂದ ಮುಚ್ಚಿಟ್ಟದ್ದು ಆ ಒಂದು ಜ್ವರ ಮಾತ್ರ, ಇನ್ನೇನನ್ನೂ ಮುಚ್ಚಿಡಲಾರೆ. ಇದ್ದದ್ದು ಇದ್ದ ಹಾಗೆ ನಕಲು ಮಾಡಿದ್ದೇನೆ:

"ಅಕ್ಕನವರಿಗೆ ನಮಸ್ಕಾರ. ನೀವು ಕೊಟ್ಟದ್ದನ್ನು ಓದಿದೆ. ಆ ದಿನ ಎಂಟು ಟ್ರಿಪ್ ಇತ್ತು. ಒಂದೊಂದು ಟ್ರಿಪ್ ಮುಗಿದ ಮೇಲೆ ಹತ್ತು ನಿಮಿಷ ಬಿಡುವು. ಅಷ್ಟರಲ್ಲಿ ಮೊದಲ ಮೂರು ವರ್ಷದ್ದು ಮುಗಿಯಿತು. ಉಳಿದದ್ದು ಅವಳು ಮಲಗಿದಾಗ ಓದಿದೆ. ನಾನು ಗೊರಕೆ ಹೊಡೆಯುವುದು ನಿಜ. ನಾಲ್ಕು ಜನರ ಮುಂದೆ ಮಾತಾಡಲು ಬರುವುದಿಲ್ಲ ಎನ್ನುವುದೂ ನಿಜ. ಕುಡಿಯುವುದು ಸುಳ್ಳು. ನನ್ನನ್ನು ಮುಟ್ಟಲು ಅವಳಿಗೆ ಅಸಹ್ಯ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ದೂರ ಇರುತ್ತಿದ್ದೆ. ಈ ಪತ್ರಗಳನ್ನೆಲ್ಲ ತೂಕ ನೋಡಿ ಸ್ಟಾಂಪು ಅಂಟಿಸಿ ಅಂಚೆಗೆ ಹಾಕಿದ್ದು ನಾನೇ. ಒಂದನ್ನೂ ಬಿಚ್ಚಿ ನೋಡಿರಲಿಲ್ಲ. ಅವಳಿಗೆ ನಾನು ಓದಿದ್ದು ತಿಳಿಯುವುದು ಬೇಡ. ಡಾಕ್ಟರು ಆರು ವಾರ ಜೋಪಾನ ಎಂದಿದ್ದಾರೆ. ಏಪ್ರಿಲ್ ಇಪ್ಪತ್ತೊಂಬತ್ತಕ್ಕೆ ಮುಗಿಯುತ್ತದೆ. ಅಲ್ಲಿಯವರೆಗೆ ಅವಳ ಎಡಗೈ ಕೆಲಸ ನಾನು ಮಾಡುತ್ತೇನೆ. ಆಮೇಲೆ ಡಿಪೋ ಹಿಂದಿನ ಡ್ರೈವರುಗಳ ರೂಮಿಗೆ ಹೋಗುತ್ತೇನೆ. ಹೇಳಿಟ್ಟಿದ್ದೇನೆ. ಆಗ ನೀವು ಬಂದು ಅವಳನ್ನು ಕರೆದುಕೊಂಡು ಹೋಗಿ."

ಅಷ್ಟೇ ಅವನ ಪತ್ರ. ಒಂದು ದೂರೂ ಇಲ್ಲ. ಹಾಸ್ಟೆಲಿನಲ್ಲಾಗಿದ್ದರೆ ವಾಪಸ್ ಕೊಡುತ್ತಿದ್ದೆ.

ನಿನ್ನ ಕೋಣೆ ಗುಡಿಸಿ, ಮಂಚಕ್ಕೆ ಹೊಸ ಹಾಸಿಗೆ ಹಾಕಿಸಿದ್ದೇನೆ.

ಅಕ್ಕ

*

ಏಪ್ರಿಲ್ 30

ಅಕ್ಕ,

ನಿನ್ನ ಪತ್ರ ಬಂದ ದಿನ ಅದನ್ನು ಒಲೆಗೆ ಹಾಕಿದೆ. ಇನ್ನು ನಿನಗೆ ಒಂದಕ್ಷರ ಬರೆದರೆ ಕೇಳು ಎಂದುಕೊಂಡೆ. ಇಪ್ಪತ್ತು ದಿನ ತಡೆದುಕೊಂಡೆ.

ನನಗೆ ಗೊತ್ತು ಎಂದು ಅವರಿಗೆ ಗೊತ್ತಿಲ್ಲ. ಈ ಇಪ್ಪತ್ತು ದಿನ ಅವರು ನನ್ನ ಜಡೆ ಹಾಕಿದರು, ನಾನು ಕನ್ನಡಿ ಮುಂದೆ ಕೂತು ಅವರ ಮುಖ ನೋಡಿದೆ. ಡೀಸೆಲ್ ವಾಸನೆ ಹೋಗಲೆಂದು ದಿನಕ್ಕೆರಡು ಸಲ ಸ್ನಾನ ಮಾಡುತ್ತಿದ್ದಾರೆ. ಬಸ್ಸು ಮುಟ್ಟಿ ತಿಂಗಳಾಗಿದೆ, ಆದರೂ. ನನ್ನ ಬೆನ್ನಿಗೆ ಕೈ ತಾಗದ ಹಾಗೆ ಟವಲು ಸುತ್ತಿಕೊಂಡು ಉಜ್ಜುತ್ತಾರೆ. ಒಂದು ದಿನ ಆ ಕೈ ಹಿಡಿದುಕೊಂಡೆ. ಮೆಲ್ಲಗೆ ಬಿಡಿಸಿಕೊಂಡು, "ನೋಯುತ್ತೆ, ಎತ್ತಬೇಡ" ಎಂದರು. ಬಲಗೈಯಲ್ಲಿ ಹಿಡಿದಿದ್ದೆ ಅಕ್ಕ. ಬಲಗೈಗೆ ಏನೂ ಆಗಿಲ್ಲ.

ಹೇಳಿಬಿಡಬಹುದಿತ್ತು. ಅದೆಲ್ಲ ಅಕ್ಕನಿಗಾಗಿ ಬರೆದದ್ದು, ಸುಳ್ಳು ಎನ್ನಬಹುದಿತ್ತು. ಎಷ್ಟು ಸಲ ಬಾಯಿ ತೆರೆದೆ! ಆದರೆ ಎಲ್ಲವೂ ಸುಳ್ಳಲ್ಲ. ಮೊದಮೊದಲು ನನಗೆ ಅವರ ಕೆಲಸದ ಬಗ್ಗೆ ನಾಚಿಕೆಯಿತ್ತು, ಅದನ್ನೂ ಬರೆದಿದ್ದೆ. ಯಾವುದು ಸುಳ್ಳು, ಯಾವುದು ನಿಜ ಎಂದು ಅವರು ಒಂದೊಂದನ್ನೇ ಎತ್ತಿ ಕೇಳಿದರೆ ನಾನು ಸಿಕ್ಕಿಬೀಳುತ್ತೇನೆ.

ನಿನ್ನೆ ಇಪ್ಪತ್ತೊಂಬತ್ತು. ಆಸ್ಪತ್ರೆಗೆ ಹೋದೆವು. ಹೊರಡುವ ಮುಂಚೆಯೇ ಅವರು ತಮ್ಮ ಬಟ್ಟೆಗಳನ್ನು ಇಸ್ತ್ರಿ ಮಾಡಿ ಚೀಲದಲ್ಲಿ ಜೋಡಿಸಿಟ್ಟದ್ದನ್ನು ನೋಡಿದ್ದೆ. ಡಾಕ್ಟರು ಪೇಸ್‌ಮೇಕರ್ ಪರೀಕ್ಷೆ ಮಾಡಿದರು, ಎಕ್ಸ್‌ರೇ ನೋಡಿದರು, ಗಾಯ ಒತ್ತಿ ನೋಡಿದರು. "ಎಲ್ಲಾ ಪರ್ಫೆಕ್ಟ್. ಇನ್ಮೇಲೆ ಕೈ ಆಡಿಸ್ಬಹುದು, ಕೆಲಸಕ್ಕೂ ಹೋಗ್ಬಹುದು. ಏನಾದ್ರೂ ತೊಂದರೆ ಇದೆಯಾ?" ಎಂದರು. ಇವರು ಆಗಲೇ ಎದ್ದು ನಿಂತಿದ್ದರು.

"ನೋಯುತ್ತೆ ಡಾಕ್ಟ್ರೇ. ಕೈ ಎತ್ತೋಕೇ ಆಗಲ್ಲ" ಎಂದೆ.

ಡಾಕ್ಟರು ಇನ್ನೊಂದು ಸಲ ಪರೀಕ್ಷೆ ಮಾಡಿದರು. ನೋವಿಗೆ ಕಾರಣ ಕಾಣುತ್ತಿಲ್ಲ, ಆದರೂ ಇನ್ನು ನಾಲ್ಕು ವಾರ ಹುಷಾರಾಗಿರಿ ಎಂದರು. ಮೆಟ್ಟಿಲಿಳಿಯುವಾಗ ಇವರು ನಿಂತು, "ನಿಜವಾಗ್ಲೂ ನೋಯುತ್ತಾ?" ಎಂದು ಕೇಳಿದರು. ಹೌದು ಎಂದೆ. ಬಹಳ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ನನ್ನ ಕೈಯಲ್ಲಿದ್ದ ಚೀಲ ತೆಗೆದುಕೊಂಡರು. ಮನೆಗೆ ಬಂದು ತಮ್ಮ ಬಟ್ಟೆಗಳನ್ನು ಚೀಲದಿಂದ ತೆಗೆದು ಮತ್ತೆ ಕಪಾಟಿನಲ್ಲಿಟ್ಟರು.

ಮೇಸ್ತ್ರಿಯಮ್ಮ ಇವತ್ತು ಫೋನ್ ಮಾಡಿದ್ದಳು. ಇನ್ನು ಕಾಯಲು ಆಗುವುದಿಲ್ಲ, ನನ್ನ ಮೇಜನ್ನು ಬೇರೆಯವಳಿಗೆ ಕೊಡುತ್ತೇನೆ ಎಂದಳು. ಕೊಡಿ ಎಂದೆ. ನಾಲ್ಕು ವಾರ ಮುಗಿದ ಮೇಲೆ ಇನ್ನೊಂದು ನೋವು ಹೇಳುತ್ತೇನೆ. ಅದೂ ಮುಗಿದರೆ ಮತ್ತೊಂದು. ನನಗೆ ದೂರು ಹೇಳುವುದನ್ನು ಕಲಿಸಿದವಳು ನೀನೇ, ಎಷ್ಟು ಬೇಕಾದರೂ ಹುಟ್ಟಿಸಬಲ್ಲೆ. ನೋಯುತ್ತಿರುವವಳನ್ನು ಬಿಟ್ಟುಹೋಗುವ ಜಾತಿಯವರಲ್ಲ ಅವರು. ಬದುಕಿರುವವರೆಗೂ ಈ ಕೈ ಎತ್ತುವುದಿಲ್ಲ.

ಇದನ್ನು ಯಾರಿಗೂ ಹೇಳಬಾರದಿತ್ತು. ನಿನಗಂತೂ ಹೇಳಲೇಬಾರದಿತ್ತು. ನೀನು ಇದನ್ನು ಏನು ಮಾಡಬಲ್ಲೆ ಎಂದು ನನಗೆ ಚೆನ್ನಾಗಿ ಗೊತ್ತು, ಅವರ ಹೆಸರಿಗೆ ಒಂದು ಲಕೋಟೆ ಸಾಕು. ಆದರೂ ಬರೆದಿದ್ದೇನೆ. ನನಗೆ ಹೇಳಿಕೊಳ್ಳಲು ಇರುವವಳು ನೀನೊಬ್ಬಳೇ ಅಕ್ಕ. ಇನ್ನಾರಿಗೆ ಬರೆಯಲಿ?

ಸೂಜಿ